ಎಂಟನೇ ಮಗ್ಗದ ನಿಯಮ

ಬರೆದಿಡದ ಕಾಯಿದೆ ಯಾವಾಗಲೂ ಬಲ್ಲಿದನ ಪರವಾಗಿಯೇ ತೀರ್ಪು ಕೊಡುತ್ತದೆ ಎಂದು ಗಡಹಿಂಗ್ಲಜದ ಕಾಲೇಜಿನ ಚರ್ಚಾಸ್ಪರ್ಧೆಯೊಂದರಲ್ಲಿ ಏಳು ನಿಮಿಷ ವಾದಿಸಿ ನಾನು ಎರಡನೆಯ ಬಹುಮಾನ ಪಡೆದಿದ್ದೆ. ಬರೆದಿಟ್ಟ ಕಾಯಿದೆ ವಕೀಲನ ಪರವಾಗಿರುತ್ತದೆ ಎಂದು ನಾಲ್ಕೇ ನಿಮಿಷ ಮಾತಾಡಿ ಕುಳಿತ ಹುಡುಗಿಗೆ ಮೊದಲನೆಯ ಬಹುಮಾನ ಹೋಯಿತು. ಆ ತೀರ್ಪು ತಪ್ಪೆಂದು ನಾನು ಬಹಳ ವರ್ಷ ನಂಬಿದ್ದೆ. ರಜೆಗೆ ನನ್ನೂರು ನೇಸರಿಗೆ ಹೋಗುವಾಗಲೆಲ್ಲ ಎಸ್.ಟಿ. ಬಸ್ಸಿನ ಕಿಟಕಿಯ ಪಕ್ಕ ಕುಳಿತು ಅದೇ ಚರ್ಚೆಯನ್ನು ಮನಸ್ಸಿನಲ್ಲೇ ಮತ್ತೆ ನಡೆಸಿ, ಪ್ರತಿಸಲವೂ ಗೆದ್ದು, ಊರಿನ ನಿಲ್ದಾಣದಲ್ಲಿ ವಿಜಯಿಯಾಗಿ ಇಳಿಯುತ್ತಿದ್ದೆ. ಆ ನಂಬಿಕೆ ಸಡಿಲವಾದ ಕೆಲವು ವಾರಗಳ ಸಂಗತಿಯನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಕಚೇರಿ ಕೊಲ್ಹಾಪುರದಲ್ಲಿ, ಹಿಟ್ಟಿನ ಗಿರಣಿಯೊಂದರ ಮೇಲಿನ ಎರಡು ಕೋಣೆಗಳಲ್ಲಿದೆ. ಕೀಲಿಮಣೆಗಳ ಮೇಲೆ ಜೋಳದ ಹಿಟ್ಟಿನ ತೆಳುಪದರ ಸದಾ ಇರುತ್ತದೆ. ಇಚಲಕರಂಜಿಯ ವಿದ್ಯುತ್ ಮಗ್ಗದ ಶೆಡ್ಡುಗಳಿಗೆ ನಾವು ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಯಾವ ಮಗ್ಗಕ್ಕೆ ಯಾವ ಬೀಮ್ ಏರಿಸಬೇಕು, ಯಾವ ಮಗ್ಗ ಕೆಟ್ಟು ನಿಂತಿದೆ, ಈ ಪಾಳಿಯಲ್ಲಿ ಯಾವುದರಿಂದ ಎಷ್ಟು ಬಟ್ಟೆ ಇಳಿಯಿತು, ಇವನ್ನೆಲ್ಲ ಅದು ಹೇಳುತ್ತದೆ. ಬೀಮ್ ಎಂದರೆ ಹಾಸಿನ ನೂಲು ಸುತ್ತಿದ ಕಬ್ಬಿಣದ ಉರುಳೆ. ಅದನ್ನು ಹೊರಲು ಇಬ್ಬರು ಬೇಕು, ಮತ್ತು ಹೊತ್ತವರಿಗೆ ದಾರಿಯಲ್ಲಿ ಯಾರೂ ಪ್ರಶ್ನೆ ಕೇಳಬಾರದು.

ಈ ಸಾಫ್ಟ್‌ವೇರಿನ ಮೊದಲ ಸಾಲನ್ನು ಹನ್ನೆರಡು ವರ್ಷದ ಹಿಂದೆ ಬರೆದವರು ಇಚಲಕರಂಜಿಯ ಶಹಾಪುರದ ನೇಕಾರ ಮನೆತನದ ಹಿರಿಯರೊಬ್ಬರು. ನಾವೆಲ್ಲ ಅವರನ್ನು ಕಾಕಾ ಎನ್ನುತ್ತೇವೆ. ಅವರ ನಂತರ ಬಂದವರು, ಆರು ತಿಂಗಳಿಗೆ ಹೋದವರು, ಹೋಗುವ ದಿನ ಬರೆದು ಅರ್ಧಕ್ಕೇ ಬಿಟ್ಟವರು, ಎಲ್ಲರ ಕೈಬರಹವೂ ಆ ಕೋಡಿನಲ್ಲಿದೆ. ಕೋಡು ಹೇಗೆ ಬರೆಯಬೇಕು ಎಂಬುದರ ಬಗ್ಗೆ ಒಂದು ಚೀಟಿಯೂ ಇರಲಿಲ್ಲ. ನಿಯಮಗಳು ಕಾಕಾ ಅವರ ಬಾಯಲ್ಲಿದ್ದವು, ಮತ್ತು ಯಾರಾದರೂ ಅವನ್ನು ಮುರಿದ ಮೇಲೆಯೇ ಹೊರಗೆ ಬರುತ್ತಿದ್ದವು.

ನಾನು ಸೇರಿದ ವಾರ ಕೇಳಿದ್ದೆ: “ಕಾಕಾ, ಹೆಸರಿಡೋದಕ್ಕ ನಮ್ಮಲ್ಲಿ ಏನು ಪದ್ಧತಿ ಐತಿ?”

“ಮ್ಯಾಲಿಂದು ನೋಡೂದು, ಕೆಳಗ ಹಂಗ ಬರಿಯೂದು.”

“ಮ್ಯಾಲಿಂದು ತಪ್ಪಿದ್ರ?”

“ತಪ್ಪಿದ್ರ ಹನ್ನೆರಡು ವರ್ಷ ನಡೀತಿತ್ತೇನ್ರಿ ವಕೀಲ್ರ?”

ಅಂದಿನಿಂದ ನನ್ನ ಹೆಸರು ವಕೀಲ ಎಂದೇ ಆಯಿತು.

ನನಗಿಂತ ಎರಡು ವರ್ಷ ತಡವಾಗಿ ಕೋಡು ಬರೆಯಲು ಒಬ್ಬ ಹುಡುಗಿ ಬಂದಳು. ಇಚಲಕರಂಜಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ತಂದೆಗೆ ಅಲ್ಲಿ ಸಣ್ಣ ವೆಲ್ಡಿಂಗ್ ಅಂಗಡಿ. ಮಾಲಕರು, ಕಾಕಾ, ನಾನು, ಅವಳು, ಹೀಗೆ ನಮ್ಮ ನಾಲ್ವರಲ್ಲಿ ಎಲ್ಲಕ್ಕಿಂತ ಚೊಕ್ಕಟ ಕೋಡು ಅವಳದು, ಎಲ್ಲಕ್ಕಿಂತ ಹೆಚ್ಚು ಬೈಸಿಕೊಂಡವಳೂ ಅವಳೇ, ಏಕೆಂದರೆ ಅವಳು ಮೇಲಿನದನ್ನು ನೋಡಿ “ಇದು ಹಿಂಗ್ಯಾಕ ಐತ್ರಿ?” ಎಂದು ಕೇಳುತ್ತಿದ್ದಳು. ಅವಳನ್ನು ಆರು ತಿಂಗಳ ಪರೀಕ್ಷೆಯ ಮೇಲೆ ತೆಗೆದುಕೊಂಡಿದ್ದರು. ಐದು ಮುಗಿದಿದ್ದವು. ಕಾಯಂ ಆಗುವುದು ಅವಳಿಗೆ ಏಕೆ ಅಷ್ಟು ಮುಖ್ಯವೆಂದು ಒಂದು ದಿನ ಚಹದ ಹೊತ್ತಿಗೆ ಅವಳೇ ಹೇಳಿದಳು.

“ಮನ್ಯಾಗ ಲಗ್ನದ ಮಾತು ನಡದೈತ್ರಿ ಸರ. ಎಂಟು ದಿನಕ್ಕೊಂದು ಫೋಟೋ ಬರತೈತಿ. ನೌಕರಿ ಕಾಯಂ ಆತಂದ್ರ ಎರಡು ವರ್ಷ ಆ ಮಾತು ಎತ್ತಂಗಿಲ್ಲ ಅಂತ ನಮ್ಮಪ್ಪ ಮಾತು ಕೊಟ್ಟಾನ.”

“ಆಗಲಿಲ್ಲಂದ್ರ?”

“ಆಗಲಿಲ್ಲಂದ್ರ ಒಂದು ಫೋಟೋ ಆರಿಸಬೇಕ್ರಿ. ಮೂರು ಅದಾವ. ಮೂವರೂ ಒಂದ ಸ್ಟುಡಿಯೋದಾಗ, ಒಂದ ಕೋಟು ಹಾಕ್ಕೊಂಡು ತಗಿಸ್ಯಾರ.”

ಇಂಥವಳನ್ನು, ಯಾರೂ ಮೊದಲು ಹೇಳದಿದ್ದ ನಿಯಮವನ್ನು ಮುರಿದಳೆಂದು ಬೈಯುವುದು ನನಗೆ ಸಹಿಸಲಾಗದ ಅನ್ಯಾಯವಾಗಿ ಕಂಡಿತು. ಹಾಗೆಂದೇ ನಾನು ಸುಧಾರಣೆಗೆ ಇಳಿದೆ. ಅವಳಿಗೆ ಒಳ್ಳೆಯದಾಗಲೆಂಬುದು ನನ್ನ ಉದ್ದೇಶವಾಗಿತ್ತೆಂಬುದನ್ನು ಓದುಗರು ಮುಂದಿನದನ್ನು ಓದುವಾಗ ದಯವಿಟ್ಟು ನೆನಪಿಟ್ಟುಕೊಳ್ಳಬೇಕು.

ಮಾಲಕರ ಮುಂದೆ ನಾನು ಮಂಡಿಸಿದ ಯೋಜನೆ ಸರಳವಾಗಿತ್ತು. ನಿಯಮಗಳನ್ನು ಕಾಕಾ ಹೇಳಿ ಬರೆಸುವುದಿಲ್ಲ, ನಾವು ಊಹಿಸಿ ಬರೆಯಬಾರದು. ಆದ್ದರಿಂದ ಎಐ ಸಹಾಯದಿಂದ ಒಂದು ಯಂತ್ರ ಕಟ್ಟೋಣ. ಅದು ನಮ್ಮ ಕೋಡಿನ ಪ್ರತಿಯೊಂದು ಕಡತವನ್ನೂ ಓದಲಿ. ಬಹಳ ಕಡೆ ಒಂದೇ ರೀತಿ ಇರುವುದನ್ನು ಹೆಕ್ಕಲಿ. ಅದನ್ನು ನಿಯಮವಾಗಿ ಬರೆಯಲಿ. ಮುಂದೆ ಯಾರೇ ಹೊಸ ಕೋಡು ಸೇರಿಸಲಿ, ಅದು ನಿಯಮಕ್ಕೆ ಹೊಂದುತ್ತದೆಯೇ ಎಂದು ಬಾಗಿಲಲ್ಲೇ ಪರೀಕ್ಷಿಸಲಿ. ಯಂತ್ರಕ್ಕೆ ಹಿರಿಯ ಕಿರಿಯರಿಲ್ಲ, ನೆಂಟರಿಲ್ಲ, ಸಿಟ್ಟಿಲ್ಲ. ಇಷ್ಟನ್ನು ಹೇಳಲು ನಾನು ತೆಗೆದುಕೊಂಡ ಸಮಯದಲ್ಲಿ ಕೆಳಗಿನ ಗಿರಣಿಯಲ್ಲಿ ಮೂರು ಜನರ ಜೋಳ ಬೀಸಿಯಾಗಿತ್ತು.

ಮಾಲಕರು ಆಜರಾ ಊರಿನವರು. ಕನ್ನಡದಲ್ಲಿ ಕೇಳಿ ಮರಾಠಿಯಲ್ಲಿ ನಿರ್ಧರಿಸುವ ಸ್ವಭಾವ. “ಚಾಲೇಲ್,” ಅಂದರು. “ನಡೀತೈತಿ, ಮಾಡ್ರಿ. ಆದ್ರ ಭಾಷಣ ಸಾಕು.”

ಯಂತ್ರ ಹತ್ತು ದಿನದಲ್ಲಿ ಸಿದ್ಧವಾಯಿತು. ಇಲ್ಲಿ ನಾನು ಮಾಡಿದ ತಪ್ಪನ್ನು ಮುಚ್ಚಿಡುವುದಿಲ್ಲ. ಯಂತ್ರ ಕಂಡುಹಿಡಿಯುತ್ತಿದ್ದದ್ದು, ಬಹಳ ಕಡೆ ಹೀಗೆ ಮಾಡಿದ್ದಾರೆ ಎಂಬಷ್ಟನ್ನೇ. ಅಷ್ಟು ಬರೆದರೆ ಗಾಂಭೀರ್ಯ ಸಾಲದೆಂದು ನನಗನಿಸಿತು. ಪ್ರತಿ ವಾಕ್ಯವೂ ‘ಮಾಡತಕ್ಕದ್ದು’ ಎಂದು ಮುಗಿಯಲಿ ಎಂದು ನಾನೇ ಅದಕ್ಕೆ ಅಪ್ಪಣೆ ಕೊಟ್ಟೆ.

ಮೊದಲ ದಿನ ಅದು ಮುದ್ರಿಸಿ ಕೊಟ್ಟ ನಿಯಮಾವಳಿಯನ್ನು ನಾಲ್ವರೂ ಕೂಡಿ ಓದಿದೆವು. ಪ್ರತಿ ಕಡತದ ಮೊದಲ ಸಾಲಿನಲ್ಲಿ ‘ಶ್ರೀ’ ಎಂದು ಬರೆಯತಕ್ಕದ್ದು. ಶೆಡ್ಡಿನ ವಸ್ತುಗಳ ಹೆಸರು ಮರಾಠಿಯಲ್ಲೂ, ಮುಂದಿನವರಿಗೆ ಕೊಡುವ ಎಚ್ಚರಿಕೆ ಕನ್ನಡದಲ್ಲೂ ಇರತಕ್ಕದ್ದು. ಮಾದರಿಯೆಂದು ಯಂತ್ರ ಕಾಕಾ ಅವರ ಒಂದು ಟಿಪ್ಪಣಿಯನ್ನೇ ಉದ್ಧರಿಸಿತ್ತು: ‘ಇದನ್ನ ಮುಟ್ಟಿದವ ಬಂದು ನನ್ನ ಮುಂದ ಕುಂದರಬೇಕು.’ ಇಪ್ಪತ್ತೊಂಬತ್ತು ಅಥವಾ ಮೂವತ್ತು ದಿನಕ್ಕೊಮ್ಮೆ ಬರುವ ಒಂದು ದಿನ ಯಾವ ಬದಲಾವಣೆಯನ್ನೂ ಮಾಡತಕ್ಕದ್ದಲ್ಲ.

“ಇದ್ಯಾವ ದಿನ?” ಎಂದೆ.

“ಅಮಾಸಿರೀ,” ಎಂದಳು ಆಕೆ, ಗೋಡೆಯ ಕ್ಯಾಲೆಂಡರ್ ನೋಡುತ್ತ. “ಹನ್ನೆರಡು ವರ್ಷದಾಗ ಕಾಕಾ ಒಂದ ಅಮಾಸಿಗೂ ಕೋಡು ಸೇರಿಸಿಲ್ಲ.”

ಕಾಕಾ ಕನ್ನಡಕ ಏರಿಸಿ ಇಡೀ ಪಟ್ಟಿ ಓದಿದರು. ಅವರ ಮುಖದಲ್ಲಿ ಸಿಟ್ಟು ಬರುತ್ತದೆಂದು ನಾನು ಕಾದಿದ್ದೆ. ಬಂದದ್ದು ಸಂಕೋಚ. “ನನ್ನ ಕುಂಡಲೀನ ಬರದೈತಲ್ಲೊ ಇದು,” ಅಂದರು. “ನನ್ನ ಹೇಣ್ತಿಗೂ ಇಷ್ಟು ಗೊತ್ತಿಲ್ಲ. ಭಾರೀ ಚಾಡಿಖೋರ ಐತಿ.” ಯಂತ್ರಕ್ಕೆ ಆ ಹೆಸರೇ ನಿಂತಿತು.

ಪಟ್ಟಿಯ ನಡುವೆ, ಯಾವ ವಿವರಣೆಯೂ ಇಲ್ಲದೆ, ಇನ್ನೊಂದು ನಿಯಮವಿತ್ತು. ಎಂಟನೆಯ ಮಗ್ಗ ಇರತಕ್ಕದ್ದಲ್ಲ. ಏಳರ ನಂತರ ಒಂಬತ್ತು ಎಣಿಸತಕ್ಕದ್ದು. ಮಗ್ಗಗಳನ್ನು ಎಣಿಸುವ ಪ್ರತಿಯೊಂದು ಕಡತದಲ್ಲೂ, ಪ್ರತಿಯೊಂದು ಶೆಡ್ಡಿನ ಕೋಡಿನಲ್ಲೂ ಎಂಟನ್ನು ಹಾರಿಸಲಾಗಿತ್ತು. ಅಂದು ನಮ್ಮ ಗಮನವೆಲ್ಲ ಅಮಾವಾಸ್ಯೆಯ ಮೇಲಿದ್ದುದರಿಂದ ಅದರ ಬಗ್ಗೆ ಯಾರೂ ಮಾತಾಡಲಿಲ್ಲ.

ಮಾಲಕರಿಗಂತೂ ಅಪಾರ ಸಂತೋಷವಾಯಿತು. “ಹೀ ಆಪಲೀ ಘಟನಾ!” ಎಂದು, ದೇಶದ ಸಂವಿಧಾನಕ್ಕೆ ಹೇಳುವ ಮಾತನ್ನೇ ಹೇಳಿ, ನಿಯಮಾವಳಿಗೆ ಗಾಜಿನ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು. ಯಾರು ಎಷ್ಟು ಸಲ ನಿಯಮ ಮುರಿದರು ಎಂಬ ಪಟ್ಟಿಯನ್ನು ಪ್ರತಿ ಸೋಮವಾರ ಯಂತ್ರವೇ ತಮ್ಮ ಮೊಬೈಲಿಗೆ ಕಳಿಸಬೇಕೆಂದರು. ಪಾರದರ್ಶಕತೆಯ ಪರವಾಗಿ ನಾನು ಅದಕ್ಕೂ ಒಪ್ಪಿದೆ. ಯಂತ್ರ ತಡೆದ ಕೋಡನ್ನು ಹಾಗೆಯೇ ಒಳಗೆ ಸೇರಿಸಲು ದಾರಿಯಿತ್ತು, ಆದರೆ ಸೇರಿಸಿದವರ ಹೆಸರು ಆ ಪಟ್ಟಿಗೆ ಹೋಗುತ್ತಿತ್ತು.

ಮರುದಿನ ಬೆಳಿಗ್ಗೆ ನಾನು ಬರೆದ ಕಡತವನ್ನು ಯಂತ್ರ ಬಾಗಿಲಲ್ಲೇ ತಡೆಯಿತು. ಕಾರಣ: ಮೊದಲ ಸಾಲಿನಲ್ಲಿ ‘ಶ್ರೀ’ ಇಲ್ಲ. ಕಾಲೇಜಿನಲ್ಲಿ ನಾನು ಮೂಢನಂಬಿಕೆಯ ವಿರುದ್ಧ ಎಷ್ಟು ಸಲ ಮಾತಾಡಿದ್ದೇನೆಂಬುದನ್ನು ಯಂತ್ರಕ್ಕೆ ಯಾರು ಹೇಳಬೇಕು? ಗಿರಾಕಿಯೊಬ್ಬರು ಫೋನಿನಲ್ಲಿ ಕಾಯುತ್ತಿದ್ದರು. ಎರಡು ನಿಮಿಷ ತತ್ವಕ್ಕೆ ಅಂಟಿಕೊಂಡಿದ್ದೆ. ಮೂರನೆಯ ನಿಮಿಷ, ಅಕ್ಕಪಕ್ಕ ನೋಡಿ, ಶ್ರೀಕಾರ ಹಾಕಿದೆ. ಯಂತ್ರ ಬಾಗಿಲು ತೆರೆಯಿತು. ಹಿಂದೆ ನಿಂತಿದ್ದ ಕಾಕಾ ನನ್ನ ಬೆನ್ನು ತಟ್ಟಿ, “ಒಳ್ಳೇದಾಗ್ತೈತಿ ಬಿಡ್ರಿ ವಕೀಲ್ರ,” ಅಂದರು.

ಆಕೆ ಬರೆಯಲಿಲ್ಲ. ಅವರದು ಬೌದ್ಧ ಮನೆ. “ನಮ್ಮಲ್ಲಿ ಆ ಪದ್ಧತಿ ಇಲ್ರಿ,” ಎಂದಷ್ಟೇ ಹೇಳಿ ಮುಂದಿನ ಕೆಲಸ ಹಿಡಿದಳು. ನಾನು ಆತ್ಮಸಾಕ್ಷಿಯ ಸ್ವಾತಂತ್ರ್ಯದ ಬಗ್ಗೆ ಮಾಲಕರ ಬಳಿ ಮಾತಾಡಲು ಎದ್ದೆ. ಅವರು ಮೊದಲ ವಾಕ್ಯಕ್ಕೇ “ಅರೇ, ಯಾರಿಗೆ ಬೇಕೋ ಅವರು ಬರೀಲಿ, ಆ ನಿಯಮ ತಗದುಬಿಡ್ರಿ,” ಎಂದುಬಿಟ್ಟರು. ಉಳಿದ ವಾಕ್ಯಗಳು ನನ್ನಲ್ಲೇ ಉಳಿದವು.

ಅದು ಹೋದರೂ ಸೋಮವಾರದ ಪಟ್ಟಿಯಲ್ಲಿ ಆಕೆಯ ಹೆಸರು ಎಲ್ಲಕ್ಕಿಂತ ಮೇಲೆ ಬಂತು. ಮುಂದಿನ ಸೋಮವಾರವೂ ಬಂತು. ಕಾರಣ ಬಹಳ ತಡವಾಗಿ ನನಗೆ ಹೊಳೆಯಿತು. ಹಳೆಯ ತಪ್ಪುಗಳು ನೂರು ಕಡೆ ಇದ್ದುದರಿಂದ ಯಂತ್ರ ಅವನ್ನು ನಿಯಮವೆಂದಿತ್ತು. ಆಕೆ ಒಂದೊಂದನ್ನೂ ತಿದ್ದಿ ಬರೆಯುತ್ತಿದ್ದಳು. ತಿದ್ದಿದ್ದೆಲ್ಲ ಅಪರಾಧವಾಗಿ ದಾಖಲಾಗುತ್ತಿತ್ತು. ಕಾಕಾ ಅವರ ಹೆಸರಿನ ಮುಂದೆ ಸೊನ್ನೆ ಇತ್ತು. ಅವರು ತಮ್ಮಂತೆಯೇ ಬರೆಯುವುದರಲ್ಲಿ ಎಂದೂ ತಪ್ಪಿದವರಲ್ಲ.

ಎರಡನೆಯ ಪಟ್ಟಿ ಬಂದ ಮರುದಿನ ಇಚಲಕರಂಜಿಯ ಒಂದು ಶೆಡ್ಡಿನಿಂದ ಫೋನು ಬಂತು. ಅಲ್ಲಿ ಆಕೆ ಬರೆದ ಹೊಸ ಮೊಬೈಲ್ ಆ್ಯಪನ್ನು ಪ್ರಯೋಗಕ್ಕೆ ಕೊಟ್ಟಿದ್ದೆವು. ಫೋನು ಮಾಡಿದವನು ಜಾಬರ್, ಅಂದರೆ ಮಗ್ಗಗಳ ದುರಸ್ತಿ ನೋಡಿಕೊಳ್ಳುವವನು. ಮಾಲಕರು ಫೋನನ್ನು ಎಲ್ಲರಿಗೂ ಕೇಳುವಂತೆ ಇಟ್ಟರು.

“ಸಾಹೇಬ್ರ, ನಿಮ್ಮ ಆ್ಯಪನ್ಯಾಗ ಎಂಟನೇ ಮಗ್ಗ ಬಂದೈತಿ! ಬೀಮ್ ಎಂಟಕ್ಕ ಏರಸ್ರಿ ಅಂತ ತೋರಸ್ತು. ಇಬ್ಬರು ಹೊತ್ಕೊಂಡು ಅರ್ಧ ತಾಸು ಶೆಡ್ ತುಂಬ ತಿರಗ್ಯಾರ. ಎಂಟು ಎಲ್ಲೈತಿ? ಏಳು ಐತಿ, ಒಂಬತ್ತು ಐತಿ. ಒಬ್ಬನ ಸೊಂಟ ಹಿಡದೈತಿ, ಇನ್ನೊಬ್ಬ ನನ್ನ ಜೋಡಿ ಮಾತ ಬಿಟ್ಟಾನ!”

ಮಾಲಕರು ಫೋನಿಟ್ಟು ಗೋಡೆಯ ಕಟ್ಟನ್ನೊಮ್ಮೆ, ಆಕೆಯನ್ನೊಮ್ಮೆ ನೋಡಿದರು. “ಬರದು ತೂಗುಹಾಕಿದ ನಿಯಮ ಐತಿ. ಎಂಟು ಇರಬಾರದು. ನೀ ಯಾಕ ಹಾಕಿದಿ?”

“ಏಳರ ಮುಂದ ಎಂಟು ಬರತೈತ್ರಿ ಸಾಹೇಬ್ರ. ಯಾರೋ ಮರತಾರಂತ ತಿದ್ದಿನ್ರಿ.”

“ಪಟ್ಟಿ ನೋಡಿದ್ರ ನಿಂದ ಹೆಸರು ಮ್ಯಾಲೈತಿ. ಈಗ ಇದು. ಇಂಥವರನ್ನ ಕಾಯಂ ಹೆಂಗ ಮಾಡ್ಲಿ, ನೀನ ಹೇಳು. ಶನಿವಾರ ಕುಂತು ನೋಡೋಣ.”

ಅಂದು ಮಂಗಳವಾರ. ಆಕೆ ತನ್ನ ಕುರ್ಚಿಗೆ ಹೋಗಿ ಕುಳಿತಳು. ನನ್ನ ಕಡೆ ತಿರುಗಿ, “ಮೂರ ಫೋಟೋದಾಗ ನಡಬರಕಿನವ ಆದೀತೇನ್ರಿ ಸರ?” ಎಂದಳು. ನಗೆಗೆ ಹೇಳಿದ ಮಾತೇ, ಆದರೆ ನನಗೆ ನಗಲಾಗಲಿಲ್ಲ. ಅವಳನ್ನು ಕಾಪಾಡಲೆಂದು ನಾನು ಕಟ್ಟಿದ ಯಂತ್ರವೇ ಅವಳ ಮೇಲೆ ಸಾಕ್ಷಿ ಹೇಳುತ್ತಿತ್ತು.

ನಾನು ಕಾಕಾ ಅವರ ಮುಂದೆ ಹೋಗಿ ನಿಂತೆ. “ಎಂಟು ಯಾಕ ಬ್ಯಾಡ ಕಾಕಾ?”

“ಶೆಡ್ಡನವರಿಗೆ ಬ್ಯಾಡ.”

“ಯಾಕ ಬ್ಯಾಡ?”

“ಅದನ್ನ ಶೆಡ್ಡನವರನ್ನ ಕೇಳ್ರಿ. ನಾ ಏನು ಮಗ್ಗ ಕುಂದರಸ್ತೀನೇನ?”

ಮಾಲಕರನ್ನು ಕೇಳಿದೆ. ಅದು ತಾಂತ್ರಿಕ ವಿಷಯ, ಕಾಕಾಗೆ ಗೊತ್ತು, ಎಂದರು. ಹೀಗೆ ಇಬ್ಬರಿಗೂ ಮತ್ತೊಬ್ಬರಿಗೆ ಗೊತ್ತೆಂಬುದು ಮಾತ್ರ ಗೊತ್ತಿತ್ತು. ಗುರುವಾರ ಆಕೆಯೂ ನಾನೂ ಬಸ್ಸು ಹತ್ತಿ ಇಚಲಕರಂಜಿಗೆ ಹೋದೆವು. ಅವಳ ಕೈಯಲ್ಲಿ ನಿಯಮಾವಳಿಯ ಒಂದು ಪ್ರತಿ ಇತ್ತು.

ಮೊದಲು ಹೋದದ್ದು ಫೋನು ಮಾಡಿದ ಜಾಬರನ ಶೆಡ್ಡಿಗೆ. ಮಗ್ಗಗಳ ಸದ್ದಿನಲ್ಲಿ ಅಲ್ಲಿ ಎಲ್ಲರೂ ಕೂಗಿಯೇ ಮಾತಾಡುತ್ತಾರೆ, ಗುಟ್ಟು ಹೇಳುವವರೂ ಸಹ. ಪ್ರತಿ ಮಗ್ಗದ ತಲೆಯ ಮೇಲೆ ಹಳದಿ ಬಣ್ಣದಲ್ಲಿ ಅಂಕಿ ಬರೆದಿತ್ತು. ಏಳು. ಅದರ ಪಕ್ಕದಲ್ಲಿ ಒಂಬತ್ತು.

“ಎಂಟು ಯಾಕ ಬರದಿಲ್ರಿ?” ಎಂದು ಕೂಗಿದೆ.

ಜಾಬರ್ ನನ್ನನ್ನು ಕನಿಕರದಿಂದ ನೋಡಿದ. “ನಮ್ಮನ್ನ ಕೇಳ್ತೀರೇನ್ರಿ? ನಿಮ್ಮ ಸಾಫ್ಟ್‌ವೇರಿನ್ಯಾಗ ಎಂಟು ಹೊಡದ್ರ ತಗೊಂತಿರ್ಲಿಲ್ಲ. ಎಂಟನ್ನ ಅಳಸಿ ಒಂಬತ್ತು ಬರದ್ವಿ. ಒಂಬತ್ತನ್ನ ಅಳಸಿ ಹತ್ತು ಬರದ್ವಿ. ಇಪ್ಪತ್ತನಾಕ ಮಗ್ಗ, ಎರಡು ದಿನ ಬಣ್ಣ ಹಚ್ಚಿದ್ವಿ. ಕಲಿತವರು ಮಾಡ್ಯಾರ, ಏನೋ ಕಾರಣ ಇದ್ದೀತು ಅಂದ್ವಿ!”

ಎರಡನೆಯ ಶೆಡ್ಡಿನಲ್ಲೂ ಏಳರ ಪಕ್ಕ ಒಂಬತ್ತೇ ಇತ್ತು. ಅಲ್ಲಿನ ಶೇಟರಿಗೆ ಕಾರಣವೂ ಗೊತ್ತಿತ್ತು. “ಎಂಟು ಶನಿದು,” ಎಂದರು ದನಿ ತಗ್ಗಿಸಿ, ಅಂದರೆ ಸಾಧಾರಣವಾಗಿ ಕೂಗಿ. “ನಿಮ್ಮ ಕಂಪನಿಯವರು ಜ್ಯೋತಿಷ್ಯ ಕೇಳಿ ಮಾಡ್ಯಾರ. ಅದಕ್ಕ ನಾವು ಬ್ಯಾರೇ ಕಂಪನೀದು ತಗೊಳ್ಳಲಿಲ್ಲ.” ನಾನು ಅವರಿಗೆ ವಿಜ್ಞಾನದ ಮಾತು ಹೇಳಲು ಬಾಯಿ ತೆರೆದೆ. ಆಕೆ ನನ್ನ ಚಪ್ಪಲಿಯ ಮೇಲೆ ಕಾಲಿಟ್ಟು ಗಟ್ಟಿಯಾಗಿ ಒತ್ತಿದಳು. ಬಾಯಿ ಮುಚ್ಚಿದೆ.

ಮೂರನೆಯದು ಶಹಾಪುರದ ಶೆಡ್ಡು. ಹನ್ನೆರಡು ವರ್ಷದ ಹಿಂದೆ ಕಾಕಾ ಮೊಟ್ಟಮೊದಲು ಸಾಫ್ಟ್‌ವೇರ್ ಹಾಕಿಕೊಟ್ಟದ್ದು ಅಲ್ಲಿಗೇ. ಅದನ್ನು ನಡೆಸುವವರು ಒಬ್ಬ ವೃದ್ಧೆ. ಎಲ್ಲರೂ ಅವರನ್ನು ಆಯಿ ಎನ್ನುತ್ತಾರೆ. ಬಾಗಿಲ ಪಕ್ಕ ಕುರ್ಚಿ ಹಾಕಿ ಕುಳಿತು, ಸದ್ದು ಕೇಳಿಯೇ ಯಾವ ಮಗ್ಗ ಕೆಟ್ಟಿದೆಯೆಂದು ಹೇಳಬಲ್ಲವರು. ಎಂಟರ ವಿಷಯ ಎತ್ತಿದೊಡನೆ ನಕ್ಕರು.

“ಅಲ್ಲಿ ಮ್ಯಾಲಿನ ತಗಡಿನ ಪತ್ರಾ ಸೋರತಿತ್ತವಾ. ಏಳನೇದರ ಬಾಜೂಕ. ಮಳಿ ನೀರು ನೂಲಿನ ಮ್ಯಾಲ ಬೀಳತಿತ್ತು, ಅದಕ್ಕ ಆ ಮಗ್ಗ ತಗದು ಮೂಲಿಗೆ ಇಟ್ಟಿದ್ವಿ. ಅದ ಮಳಿಗಾಲದಾಗ ನಿಮ್ಮ ಕಾಕಾ ಬಂದಾ. ಕಾಕಾ ಅಂತ, ನನ್ನ ಕಣ್ಣಮುಂದ ಚಡ್ಡಿ ಹಾಕ್ಕೊಂಡು ತಿರಗಿದಾಂವ! ‘ಎಂಟು ಇಲ್ಲೇನ ಆಯಿ?’ ಅಂದ. ‘ಈಗ ಇಲ್ಲೊ’ ಅಂದೆ. ಬರಕೊಂಡ ಹೋದ.”

“ಆಮ್ಯಾಲ?”

“ಬ್ಯಾಸಿಗ್ಯಾಗ ಪತ್ರಾ ಬದಲಿ ಮಾಡಿದ್ವಿ, ಮಗ್ಗ ತಂದು ಅಲ್ಲೇ ಇಟ್ವಿ.”

ನಾವು ಒಳಗೆ ನೋಡಿದೆವು. ಏಳರ ಪಕ್ಕದಲ್ಲಿ ಒಂದು ಮಗ್ಗ ಆರೋಗ್ಯವಾಗಿ ಓಡುತ್ತಿತ್ತು. ಅದರ ಮೇಲೆ ಅಂಕಿಯೇ ಇರಲಿಲ್ಲ. ನನಗೆ ಇಡೀ ಚರಿತ್ರೆ ಕಣ್ಣಮುಂದೆ ಬಂದು ನಿಂತಿತು. ಕಾಕಾ ಆ ಒಂದು ಮಳೆಗಾಲಕ್ಕಾಗಿ ಎಂಟನ್ನು ಹಾರಿಸಿ ಕೋಡು ಬರೆದಿದ್ದರು. ಎರಡನೆಯ ಗಿರಾಕಿ ಬಂದಾಗ ಅದನ್ನೇ ನಕಲು ಮಾಡಿ ಶೆಡ್ಡಿನ ಹೆಸರನ್ನಷ್ಟೇ ಬದಲಿಸಿದ್ದರು. ಮೂರನೆಯವರಿಗೆ ಎರಡನೆಯದರ ನಕಲು. ಒಂದು ತಗಡಿನ ತೂತು ಹೀಗೆ ಶೆಡ್ಡಿನಿಂದ ಶೆಡ್ಡಿಗೆ ನಡೆದು, ಹಳದಿ ಬಣ್ಣವಾಗಿ, ಶನಿಯಾಗಿ, ಕೊನೆಗೆ ನನ್ನ ಕೈಯಿಂದ ‘ಇರತಕ್ಕದ್ದಲ್ಲ’ ಎಂದು ಬರೆಸಿಕೊಂಡು ಕಚೇರಿಯ ಗೋಡೆ ಏರಿತ್ತು.

“ಆ ಮಗ್ಗದ ಬಟ್ಟಿ ಯಾವ ನಂಬರಿಗೆ ಬರೀತೀರಿ ಆಯಿ?” ಎಂದು ಆಕೆ ಕೇಳಿದಳು.

“ಅದನ್ನೆಲ್ಲ ಜಾಬರ್ ನೋಡತಾನ. ಖರೆ, ಏಳನೇದು ನೋಡವಾ, ಅದು ಲಕ್ಷ್ಮಿ! ಒಂದ ಮಗ್ಗ, ಎರಡು ಮಗ್ಗದ ಬಟ್ಟಿ ಕೊಡತೈತಿ. ಕಂಪ್ಯೂಟರಿನ್ಯಾಗ ತೋರಸ್ತೈತಿ. ಖಂಡೇನವಮಿಗೆ ಎಲ್ಲಾ ಮಗ್ಗಕ್ಕೂ ಪೂಜಾ ಮಾಡ್ತೀವಲ್ಲ, ಏಳನೇದಕ್ಕ ನಾ ಬ್ಯಾರೇನ ದೊಡ್ಡ ಹಾರ ತರಸ್ತೀನಿ.”

ಆಯಿಯ ಹಿಂದೆ ನಿಂತಿದ್ದ ಅಲ್ಲಿಯ ಜಾಬರ್ ಎರಡೂ ಕೈ ಜೋಡಿಸಿ, ತಲೆಯಲ್ಲಾಡಿಸಿ, ಸುಮ್ಮನಿರಿ ಎಂದು ನಮ್ಮನ್ನು ಬೇಡುತ್ತಿದ್ದ. ಹೊರಗೆ ಬಂದ ಮೇಲೆ ಆತ ತಪ್ಪೊಪ್ಪಿಕೊಂಡ. “ಎಂಟು ತಗೊಳ್ಳಲಿಲ್ಲಂದ್ರ ಏನ ಮಾಡ್ಲಿ? ಎರಡರದೂ ಏಳರಾಗ ಹಾಕಿದೆ. ಮುಂದಿನ ವಾರ ಹೇಳೋಣ ಅಂದೆ, ಅಷ್ಟರಾಗ ಆಯಿ ಹಾರ ತಂದ್ರು. ಹಾರ ಹಾಕಿದ ಮ್ಯಾಲ ಹೆಂಗ ಹೇಳೂದ್ರಿ?”

ಸತ್ಯವನ್ನು ಅಂದೇ ಆಯಿಗೆ ತಿಳಿಸುವುದು ನಮ್ಮ ಕರ್ತವ್ಯವೆಂದು ನಾನು ವಾದಿಸಿದೆ. “ಕರ್ತವ್ಯ ಶನಿವಾರದ ಮ್ಯಾಲ ಮಾಡ್ರಿ ಸರ,” ಎಂದಳು ಆಕೆ, ನಿಯಮಾವಳಿಯ ಅಂಚಿನಲ್ಲಿ ಏನೋ ಗೀಚುತ್ತ.

ಶನಿವಾರಕ್ಕೆ ನಾನು ಭಾಷಣ ಸಿದ್ಧಮಾಡಿಕೊಂಡಿದ್ದೆ. ಪೀಠಿಕೆ, ಮೂರು ವಾದ, ಎದುರುವಾದಗಳ ಖಂಡನೆ, ಉಪಸಂಹಾರ. ಮೆಟ್ಟಿಲ ಮೇಲೆ ಆಕೆ ನನ್ನನ್ನು ತಡೆದಳು.

“ಸರ, ಕೈ ಮುಗೀತೇನಿ. ನೀವು ಮಾತಾಡಬ್ಯಾಡ್ರಿ.”

“ನಿನ್ನ ಪರವಾಗಿ ಮಾತಾಡೋದು...”

“ನನ್ನ ಪರವಾಗೇ ನೀವು ಯಂತ್ರ ಮಾಡಿದ್ರಿ. ಹೌದಲ್ರಿ?”

ನಾನು ಭಾಷಣದ ಹಾಳೆಗಳನ್ನು ಮಡಚಿ ಜೇಬಿಗಿಟ್ಟುಕೊಂಡೆ.

ಮಾಲಕರು ಮೊಬೈಲಿನಲ್ಲಿ ಸೋಮವಾರದ ಪಟ್ಟಿ ತೆರೆದು ಕುಳಿತಿದ್ದರು. ಆಕೆ ಕೆಲವು ಹಾಳೆಗಳನ್ನು ಅವರ ಮುಂದಿಟ್ಟಳು. ನನ್ನದೇ ನಿಯಮಾವಳಿ. ಆದರೆ ಪ್ರತಿ ನಿಯಮದ ಪಕ್ಕದಲ್ಲಿ ಆಕೆ ಕೈಯಿಂದ ಎರಡು ವಿಷಯ ಬರೆದಿದ್ದಳು: ಇದು ಏಕೆ ಬಂತು, ಬದಲಿಸುವ ಮೊದಲು ಯಾರನ್ನು ಕೇಳಬೇಕು. ಹಲವಕ್ಕೆ ಒಳ್ಳೆಯ ಕಾರಣಗಳಿದ್ದವು. ಕರೆಂಟು ಹೋಗಿ ಬಂದಾಗ ಎಣಿಕೆ ಎರಡು ಸಲ ಆಗಬಾರದೆಂದು ಕಾಕಾ ಹುಡುಕಿದ ಉಪಾಯವನ್ನು ಆಕೆ ಇಡೀ ಪುಟದಲ್ಲಿ ಮೆಚ್ಚಿ ವಿವರಿಸಿದ್ದಳು. ಕೆಲವುಗಳ ಪಕ್ಕ ‘ಯಾರಿಗೂ ಗೊತ್ತಿಲ್ಲ’ ಎಂದಿತ್ತು. ಎಂಟರ ಪಕ್ಕ ಮೂರೂ ಶೆಡ್ಡುಗಳ ಕಥೆ ಇತ್ತು.

ಮಾಲಕರು ಓದುತ್ತ ಹೋದರು. ತಗಡಿನ ತೂತಿನ ಸಾಲು ಬಂದಾಗ ತಲೆಯೆತ್ತಿ ಕಾಕಾ ಅವರನ್ನು ನೋಡಿದರು. ಕಾಕಾ ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸಿದರು. ಅದರ ಮೇಲೆ ಹಿಟ್ಟಿರಲಿಲ್ಲ, ಆದರೂ ಒರೆಸಿದರು.

“ಆ ಎಂಟು ನಂದ್ರಿ ದಾದಾ,” ಅಂದರು. “ಈ ಪೋರೀದಲ್ಲ. ನಾ ನಕಲ್ ಹೊಡಿಯೂ ಮುಂದ ಮರತೆ. ಆಮ್ಯಾಲ ಎಲ್ಲಾರೂ ಹಂಗ ಮಾಡೂದು ನೋಡಿ, ಏನೋ ಕಾರಣ ಐತಿ ಅಂತ ನನಗೂ ಅನಸಾಕತ್ತು.”

ಮಾಲಕರು ನನ್ನ ಕಡೆ ತಿರುಗಿದರು. “ನಿಮ್ಮ ಯಂತ್ರ ಇದನ್ನ ಯಾಕ ಹೇಳಲಿಲ್ಲ?”

ಮಾತಾಡುವುದಿಲ್ಲವೆಂದು ನಾನು ಒಪ್ಪಿದ್ದೆ. ಆದರೆ ಇದು ನೇರ ಪ್ರಶ್ನೆ. “ಮಂದಿ ಏನು ಮಾಡ್ಯಾರ ಅಂತ ಅದಕ್ಕ ಕಾಣತೈತ್ರಿ. ಯಾಕ ಮಾಡ್ಯಾರ ಅಂತ ಕಾಣಂಗಿಲ್ಲ. ‘ಮಾಡತಕ್ಕದ್ದು’ ಅಂತ ಬರಸಿದ್ದು ನಾನು,” ಎಂದು ಕುಳಿತೆ. ಆಕೆ ನನ್ನನ್ನು ಆಶ್ಚರ್ಯದಿಂದ ನೋಡಿದಳು. ಇನ್ನೂ ಮುಂದುವರಿಯುತ್ತೇನೆಂದು ಹೆದರಿದ್ದಳೆಂದು ತೋರುತ್ತದೆ.

ಮಾಲಕರು ಅಷ್ಟಕ್ಕೆ ಬಿಡಲಿಲ್ಲ. “ಸರಿ. ಖರೆ, ಅರ್ಧ ತಾಸು ಬೀಮ್ ಹೊತ್ತಾರಲ್ಲ, ಅದು?”

“ಅದು ನನ್ನ ತಪ್ಪ್ರಿ ಸಾಹೇಬ್ರ,” ಎಂದಳು. “ಕೇಳಿ ತಿದ್ದಬೇಕಿತ್ತು. ಯಾರನ್ನ ಕೇಳಬೇಕು ಅನ್ನೂದು ಎಲ್ಲೂ ಇರ್ಲಿಲ್ಲ. ಈಗ ಬರದೇನಿ. ಬಣ್ಣ ಹಚ್ಚಿದವರಿಗೆ ಒಂಬತ್ತು ಒಂಬತ್ತ ಇರಲಿ, ಮತ್ತ ಎರಡು ದಿನ ಬಣ್ಣ ಯಾಕ? ಹೊಸಬರಿಗೆ ಎಂಟು ಕೊಡೂಣು. ಆಯಿದು ಎಂಟು ಆಯಿಗೆ ತಿರಗಿ ಕೊಡೂಣು.”

“ಆಯಿಗೆ ಹೇಳೂದು ಯಾರು?”

ನಾನು ಕೈಯೆತ್ತಿದೆ.

“ನೀವು ಬ್ಯಾಡ್ರಿ!” ಎಂದು ಮೂವರೂ ಒಟ್ಟಿಗೆ ಹೇಳಿದರು.

“ಕಾಕಾ ಹೇಳತಾರ,” ಎಂದರು ಮಾಲಕರು.

ಕಾಕಾ ಕುರ್ಚಿಯಿಂದ ಅರ್ಧ ಎದ್ದರು. “ದಾದಾ, ಬೇಕಾದ್ರ ಇಡೀ ಕೋಡು ಮತ್ತ ಬರದು ಕೊಡತೇನಿ. ಆಯಿ ಮುಂದ ಮಾತ್ರ ಕಳಸಬ್ಯಾಡ್ರಿ. ಆಕಿ ನಮ್ಮವ್ವನ ಗೆಳತಿ.”

“ಅದಕ್ಕ ನಿಮ್ಮನ್ನ ಕಳಸಾಕತ್ತೇನಿ.”

ನಂತರ ಮಾಲಕರು ಗೋಡೆಯಿಂದ ಕಟ್ಟನ್ನು ಇಳಿಸಿ, ಗಾಜಿನ ಹಿಂದಿನ ಹಾಳೆ ತೆಗೆದು, ಆಕೆಯ ಕೈಬರಹದ ಹಾಳೆಗಳನ್ನು ಒಳಗೆ ತುರುಕಲು ನೋಡಿದರು. ಅವು ಬಹಳ ಇದ್ದುದರಿಂದ ಹಿಡಿಸಲಿಲ್ಲ. ಕಟ್ಟನ್ನು ಬೀರುವಿನ ಮೇಲಿಟ್ಟರು. ಡ್ರಾಯರಿನಿಂದ ಕಾಯಂ ಪತ್ರ ತೆಗೆದು, ಹೆಸರು ತುಂಬಿ, ಸಹಿ ಹಾಕಿದರು. ಪತ್ರ ಮೊದಲೇ ಟೈಪಾಗಿತ್ತೆಂಬುದನ್ನು ನಾನು ಗಮನಿಸಿದೆ. ಕಾಯಂ ಮಾಡಬಾರದೆಂದು ಅವರಿಗೂ ಮನಸ್ಸಿರಲಿಲ್ಲವೇನೋ. ಬರೆದು ತೂಗುಹಾಕಿದ್ದನ್ನು ದಾಟಲು ಅವರಿಗೊಂದು ದಾರಿ ಬೇಕಾಗಿತ್ತು.

ಆಕೆ ಮೆಟ್ಟಿಲಿಗೆ ಬಂದು ತಂದೆಗೆ ಫೋನು ಮಾಡಿದಳು. ಅತ್ತ ವೆಲ್ಡಿಂಗ್ ಅಂಗಡಿಯ ಗ್ರೈಂಡರ್, ಇತ್ತ ಹಿಟ್ಟಿನ ಗಿರಣಿ. ಎರಡರ ನಡುವೆ ಇಬ್ಬರೂ ಕೂಗುತ್ತಿದ್ದುದರಿಂದ ನಾನು ಕದ್ದು ಕೇಳುವ ಅಗತ್ಯವೇ ಬೀಳಲಿಲ್ಲ.

“ಅಪ್ಪಾ, ಕಾಯಂ ಆತು! ಇನ್ನ ಎರಡು ವರ್ಷ ಆ ಮಾತು ಬ್ಯಾಡ.”

“ಭಾಳ ಚಲೋ ಆತವಾ! ಎರಡು ವರ್ಷ ಅಂದ್ರ, ಆರು ತಿಂಗಳು ಆಗಲೇ ಮುಗದಾವಲ್ಲ. ಇನ್ನ ಒಂದೂವರಿ.”

“ಎದರ ಆರು ತಿಂಗಳು? ಕಾಯಂ ಆದ ಮ್ಯಾಲ ಅಂದಿದ್ದಿ. ಕಾಯಂ ಇವತ್ತ ಆಗೈತಿ.”

“ನೀ ಸೇರಿದ ದಿನದಿಂದ ಅಂತ ಅಂದಂಗ ನನಗ ನೆನಪೈತಿ.”

“ಅಪ್ಪಾ!”

ಗ್ರೈಂಡರ್ ನಿಂತಿತು. “ತಡೀ, ನಿಮ್ಮವ್ವನ್ನ ಕೇಳಿ ಹೇಳತೇನಿ.”

“ಅವ್ವ ಅಲ್ಲೇ ಬಾಜೂಕ ನಿಂತಾಳ. ನಗೂದು ಇಲ್ಲಿಮಟ ಕೇಳಸಾಕತ್ತೈತಿ.”

ಸ್ವಲ್ಪ ಹೊತ್ತು ಅತ್ತ ಇಬ್ಬರೂ ಏನೋ ಮಾತಾಡಿಕೊಂಡರು. ಆಕೆ ಪತ್ರವನ್ನು ಎದೆಗೊತ್ತಿಕೊಂಡು, ಕಣ್ಣು ಮುಚ್ಚಿ ನಿಂತಿದ್ದಳು.

“ಆತು, ಇವತ್ತಿಂದ,” ಎಂದಿತು ತಂದೆಯ ದನಿ. “ಆ ಫೋಟೋ ಮೂರೂ ತಿರಗಿ ಕಳಸ್ತೇನಿ. ಸಂಜಿಗೆ ಲಗೂನ ಬಾ, ನಿಮ್ಮವ್ವ ಶಿರಾ ಮಾಡ್ತಾಳಂತ.”

ನಾನು ಅಭಿನಂದಿಸಲು ಗಂಟಲು ಸರಿಮಾಡಿಕೊಂಡೆ. ಆಕೆ ಅಷ್ಟರಲ್ಲಾಗಲೇ ಮೂರು ಮೆಟ್ಟಿಲು ಇಳಿದಿದ್ದಳು. “ಸೋಮವಾರ ಹೇಳ್ರಿ ಸರ,” ಎಂದು ತಿರುಗಿ ನೋಡದೆಯೇ ಕೂಗಿದಳು, “ಬಸ್ ಹೋಗತೈತಿ!”